ಚೆಲುವಯ್ಯನ ಅಂಚೆಚೀಟಿ, ಬೀಗರ ಅನುಮಾನ

ಯಾರ ವಿಳಾಸವನ್ನೂ ಮರೆಯದ ನಂಜುಂಡೇಶ್ವರನಿಗೆ ಶರಣು. ಬುದ್ಧಿವಂತನಿಗೂ ಪೆದ್ದನಿಗೂ ಒಂದೇ ಕೈಯಲ್ಲಿ ಅನ್ನವಿಡುವ ತಂದೆಗೆ ಶರಣು. ಕೂತ್ಕೊಳ್ಳಿ, ಹೇಳುತ್ತೇನೆ.

ಹುಣಸೆಕೊಪ್ಪಲಿನಲ್ಲಿ ನಿಂಗಾಜಮ್ಮ ಅಂತ ಒಬ್ಬ ತಾಯಿ. ಅವಳಿಗೆ ಚೆಲುವಯ್ಯ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕೂದಲೆಳೆಯಷ್ಟೂ ಆಚೆಗಿಲ್ಲ, ಈಚೆಗಿಲ್ಲ. ಕೆಲಸವಿಲ್ಲದಾಗ ಬೀದಿಯಲ್ಲಿ ನಿಂತು ಹೋಗಿಬರುವವರ ಮುಖವನ್ನೇ ನೋಡುತ್ತಿದ್ದ. ಜನಕ್ಕೆ ಅನುಮಾನ.

"ಯಾಕೆ ಹಾಗೆ ನೋಡ್ತಾನೆ? ಏನೋ ಇದೆ ಇವನ ಹೊಟ್ಟೇಲಿ!"

ಹೊಟ್ಟೆಯಲ್ಲಿ ಇದ್ದದ್ದು ರಾಗಿಮುದ್ದೆ. ಊರು ನಂಬಬೇಕಲ್ಲ!

ಆ ವರ್ಷ ಅವನಿಗೆ ಹೆಣ್ಣು ಗೊತ್ತಾಗುವುದರಲ್ಲಿತ್ತು. ಹುಡುಗಿಯ ಸೋದರಮಾವ ಕಾಳಸ್ತಯ್ಯ ಮಹಾ ಅನುಮಾನದ ಮನುಷ್ಯ. ಒಂಬತ್ತು ಗಂಡುಗಳನ್ನು ಬೇಡ ಅಂದವನು. ಚೆಲುವಯ್ಯನನ್ನು ಇನ್ನೂ ಕಣ್ಣಲ್ಲಿ ಕಂಡಿರಲಿಲ್ಲ. ಊರವರು ಒಂದು ಮಾತು ಎತ್ತಿ ಆಡಿದರೆ ಇದೂ ಹೋಯಿತು. ನಿಂಗಾಜಮ್ಮ ರಂಗದಾಸ ಮೇಷ್ಟ್ರ ಮುಂದೆ ಕಣ್ಣೊರೆಸಿಕೊಂಡಳು.

"ಅವನಿಗೊಂದು ಹವ್ಯಾಸ ಹಚ್ಚಮ್ಮ," ಅಂದರು ಮೇಷ್ಟ್ರು. "ಅಂಚೆಚೀಟಿ ಕೂಡಿಸಲಿ. ಖರ್ಚಿಲ್ಲ, ಮನಸ್ಸಿಗೂ ನೆಮ್ಮದಿ. ಜನರ ಮನೆಯ ಹಳೇ ಲಕೋಟೆಗಳ ಮೇಲಿರೋ ಚೀಟಿ ತಂದು ಪುಸ್ತಕದಲ್ಲಿ ಅಂಟಿಸಲಿ." ಚೆಲುವಯ್ಯನ ಕಡೆ ತಿರುಗಿ, "ಯಾರಿಗೂ ತೊಂದರೆ ಕೊಡದೆ, ಸದ್ದು ಮಾಡದೆ ತಗೊಂಡು ಬಾರಪ್ಪ!"

ಹೇಳಿದ ಮಾತು ಮೀರುವವನೇ ಚೆಲುವಯ್ಯ? ತುದಿಗಾಲಲ್ಲಿ ಪಟೇಲರ ಮನೆ ಹೊಕ್ಕ. ಗೋಡೆಯ ತಂತಿಗೆ ಹಳೇ ಕಾಗದ ಚುಚ್ಚಿಟ್ಟಿದ್ದರು. ಉಸಿರು ಬಿಗಿಹಿಡಿದು ಕೈ ಹಾಕಿದ. ಹಿಂದಿನಿಂದ ಪಟೇಲರು ಹಿಡಿದರು ಜುಟ್ಟು!

"ಕಳ್ಳ! ಜಮೀನಿನ ಕಾಗದ ತರೋಕೆ ಯಾರೋ ಕಳಿಸಿದ್ದು?"

"ಮೇಷ್ಟ್ರು, ಬುದ್ಧಿ!"

"ಓಹೋ, ಮೇಷ್ಟ್ರೂ ಇದ್ದಾರೋ ಇದರಲ್ಲಿ!"

ಅವತ್ತಿನಿಂದ ಊರಿಗೆ ಮೇಷ್ಟ್ರ ಮೇಲೂ ಅನುಮಾನ.

ನಿಂಗಾಜಮ್ಮ ತಲೆ ಚಚ್ಚಿಕೊಂಡಳು. "ಅಯ್ಯೋ ಮಂಕೇ! ಸದ್ದಿಲ್ಲದೆ ಒಳಗೆ ಹೋಗ್ತಾರೇನೋ? ಬಾಗಿಲಲ್ಲಿ ನಿಂತ್ಕೊಂಡು ಗಟ್ಟಿಯಾಗಿ 'ಕಾಗದ' ಅಂತ ಕೂಗಬೇಕು!"

"ಹೂನವ್ವ!"

ಹೇಳಿದ ಮಾತು ಮೀರುವವನೇ ಚೆಲುವಯ್ಯ? ಮಾರನೇ ದಿನ ಬಾಗಿಲು ಬಾಗಿಲಿಗೂ ನಿಂತು ಕೂಗಿದ. "ಕಾಗದಾ! ಕಾಗದಾ!"

ಕೆಂಪಜ್ಜಿ ರೊಟ್ಟಿ ಹೆಂಚಿನ ಮೇಲೇ ಬಿಟ್ಟು ಓಡಿಬಂದಳು. ಅವಳ ಮಗ ದೂರದಲ್ಲಿ ಸಿಪಾಯಿ. "ಬಂತೇನಪ್ಪ ನನ್ನ ಮಗನ ಕಾಗದ?"

"ಬಂದಿಲ್ಲಜ್ಜಿ. ನಿಮ್ಮ ಹತ್ರ ಇದ್ದರೆ ನನಗೆ ಕೊಡಿ!"

"ನನ್ನ ಮಗನ ಕಾಗದ ನಿನಗ್ಯಾಕೋ? ಓದಿ ಯಾರಿಗೆ ಹೇಳ್ತೀಯೋ?"

ಅಂಚೆ ಗುರುವಯ್ಯ ಸೈಕಲ್ ನಿಲ್ಲಿಸಿ ಕಣ್ಣು ಬಿಟ್ಟ. "ಏನಯ್ಯ, ನನ್ನ ಕೆಲಸಕ್ಕೇ ಕಣ್ಣು ಹಾಕಿದೆಯಾ?"

ಆದರೂ ಅಜ್ಜಿಯ ಕರುಳು ದೊಡ್ಡದು. ಒಂದು ಹಳೇ ಲಕೋಟೆ ಕೊಟ್ಟಳು. ಚೆಲುವಯ್ಯ ಚೀಟಿಯನ್ನು ಪರ್‍ರೆಂದು ಕಿತ್ತ. ಅರ್ಧ ಕೈಗೆ ಬಂತು, ಅರ್ಧ ಅಲ್ಲೇ ಉಳಿಯಿತು.

"ಕೀಳಬಾರದೋ ದಡ್ಡ!" ಅಂದರು ಮೇಷ್ಟ್ರು. "ಲಕೋಟೆ ಕೈಗೆ ಸಿಕ್ಕಿತೋ, ನೀರಲ್ಲಿ ನೆನೆಹಾಕು. ಚೀಟಿ ತಾನಾಗೇ ಬಿಡುತ್ತೆ!"

ಮಧ್ಯಾಹ್ನವೇ ಒಂದು ಲಕೋಟೆ ಕೈಗೆ ಸಿಕ್ಕಿತು. ಎಲ್ಲಿಂದ ಬಂದದ್ದು? ಕಾಳಸ್ತಯ್ಯನಿಂದ! ಯಾರಿಗೆ? ನಿಂಗಾಜಮ್ಮನಿಗೆ! ಚೆಲುವಯ್ಯ ಬಿಡಿಸಲೂ ಇಲ್ಲ, ಹಾಗೇ ಹಂಡೆಗೆ ಬಿಟ್ಟ. ಚೀಟಿ ಬಿಟ್ಟಿತು. ಜೊತೆಗೆ ಶಾಯಿಯೂ ಬಿಟ್ಟಿತು. ನಿಂಗಾಜಮ್ಮ ಬಂದು ನೋಡುತ್ತಾಳೆ, ಹಂಡೆಯ ನೀರು ನೀಲಿ, ಕಾಗದ ಬೆಳ್ಳಗೆ!

"ಏನು ಬರೆದಿದ್ದರೋ ಶಿವನೇ! ಹೆಣ್ಣು ಕೊಡ್ತೀವಿ ಅಂದಿದ್ದರೋ, ಕೊಡಲ್ಲ ಅಂದಿದ್ದರೋ!"

ಮೇಷ್ಟ್ರ ಕೈಲಿ ಜವಾಬು ಬರೆಸಿದಳು: 'ತಾವೇ ದಯಮಾಡಿಸಿ ಹುಡುಗನನ್ನು ನೋಡಿಕೊಂಡು ಹೋಗಬೇಕು.' ಲಕೋಟೆಯ ಹಿಂದೆ ತನ್ನ ಹೆಸರು ಹಾಕಿಸಿದಳು, ಹೊಸ ಚೀಟಿ ಅಂಟಿಸಿದಳು.

"ಈ ಹೊಸ ಚೀಟಿ ನನ್ನ ಪುಸ್ತಕಕ್ಕೆ ಬೇಡ್ವಾ ಮೇಷ್ಟ್ರೇ?" ಅಂದ ಚೆಲುವಯ್ಯ.

"ಮುಟ್ಟೀಯ! ನೀನು ಕೂಡಿಸೋದು ಕಪ್ಪು ಮುದ್ರೆ ಬಿದ್ದಿರೋ ಚೀಟಿ. ಮುದ್ರೆ ಬಿದ್ದರೇನೇ ಕಾಗದ ಊರು ಸೇರಿತು ಅಂತ ಲೆಕ್ಕ. ಹೋಗು, ಡಬ್ಬಕ್ಕೆ ಹಾಕಿ ಬಾ!"

ಡಬ್ಬದ ಮುಂದೆ ನಿಂತು ಚೆಲುವಯ್ಯ ಲಕೋಟೆ ನೋಡಿದ. ಮುದ್ರೆಯೇ ಇಲ್ಲ! ಮುದ್ರೆಯಿಲ್ಲದೆ ಊರು ಹೇಗೆ ಸೇರೀತು? ಮನೆಗೆ ಓಡಿದ. ಹಂಡೆಯ ತಳದ ಮಸಿಗೆ ಹೆಬ್ಬೆರಳು ಒತ್ತಿದ. ಚೀಟಿಯ ಮೇಲೆ, ಲಕೋಟೆಯ ಮೂಲೆಗೆ, ಕಪ್ಪಗೆ ಒಂದು ಮುದ್ರೆ! ಊರು ಬೇಗ ಸೇರಲಿ ಅಂತ ಇನ್ನೂ ಮೂರು ಮೂಲೆಗೆ ಮೂರು!

ನಮ್ಮ ಕಡೆ ಲಗ್ನದ ಕಾಗದದ ಮೂಲೆಗೆ ಅರಿಶಿನ ಹಚ್ಚುತ್ತಾರೆ, ಸಾವಿನ ಕಾಗದದ ಮೂಲೆಗೆ ಕಪ್ಪು ಮಸಿ. ಇದು ಹಸುಗೂಸಿಗೂ ಗೊತ್ತು. ಚೆಲುವಯ್ಯನಿಗೆ ಯಾರೂ ಹೇಳಿರಲಿಲ್ಲ.

ಕಾಗದ ಹೋದ ಮೇಲೆ ನಿಂಗಾಜಮ್ಮ ಕೊನೆಯ ಬುದ್ಧಿ ಹೇಳಿದಳು. "ನೋಡು ಮಗ, ಬೀಗರು ಬಂದರೆ ಎದುರಾಡಬೇಡ. ಏನು ಕೇಳಿದರೂ ಹೌದು ಅನ್ನು. ಅವರು ಮಾಡಿದ ಹಾಗೇ ನೀನೂ ಮಾಡು!"

ನಾಲ್ಕನೇ ದಿನ ಬೀಗರು ಬಂದರು. ಸಾವಿನ ಕಾಗದವನ್ನು ಬಿಡಿಸಿ ಓದುವವರು ಯಾರು? ಹಿಂದೆ ತಾಯಿಯ ಹೆಸರಿತ್ತು. ತಾಯಿ ಬರೆಸಿದ್ದಾಳೆ ಅಂದ ಮೇಲೆ ಹೋದವನು ಮಗನೇ! ಆರು ಜನ ಬಾಗಿಲಲ್ಲೇ ಅಳು ತೆಗೆದರು. ನಿಂಗಾಜಮ್ಮ ನೀರಿಗೆ ಹೋಗಿದ್ದಳು. ಚೆಲುವಯ್ಯ ಹೊರಗೆ ಬಂದ, ಅವರು ಮಾಡಿದ ಹಾಗೇ ತಾನೂ ಗೊಳೋ ಅಂದ.

ಕಾಳಸ್ತಯ್ಯ ಕಣ್ಣೊರೆಸಿಕೊಂಡು ಕೇಳಿದ. "ಚೆಲುವಯ್ಯ ಹೋಗಿಬಿಟ್ಟನೇನಪ್ಪ?"

"ಹೌದು!"

"ಮಣ್ಣೂ ಆಯ್ತೇ?"

"ಹೌದು!"

"ನೀನು ಹತ್ತಿರದವನೇ?"

"ಹೌದು!"

ಅಷ್ಟರಲ್ಲಿ ನಿಂಗಾಜಮ್ಮ ಬಂದಳು. ಬೀಗರು ಅಳುತ್ತಿದ್ದಾರೆ, ಮಗನೂ ಅಳುತ್ತಿದ್ದಾನೆ! ಯಾರಿಗೆ ಏನಾಯಿತೋ ಅಂತ ಕೊಡ ಇಳಿಸಿ ಅವಳೂ ಅತ್ತಳು. ಅತ್ತು ಅತ್ತು ಸಾಕಾದ ಮೇಲೆ ಕೇಳಿದಳು. "ಹೋದವರು ಯಾರಣ್ಣ?"

ಕಾಳಸ್ತಯ್ಯನ ಅಳು ಗಕ್ಕನೆ ನಿಂತಿತು. "ನಿನ್ನ ಮಗ ಕಣಮ್ಮ!"

"ನನ್ನ ಮಗ ನಿಮ್ಮ ಪಕ್ಕದಲ್ಲೇ ಕೂತಿದ್ದಾನಲ್ಲ!"

ಕಾಳಸ್ತಯ್ಯ ಸೊಂಟದ ಮಡಿಕೆಯಿಂದ ಲಕೋಟೆ ಎಳೆದ. ಅನುಮಾನದ ಮನುಷ್ಯ, ಸಾವಿನ ಕಾಗದವನ್ನು ಎಲ್ಲರ ಹಾಗೆ ಹರಿದು ಬಿಸಾಡದೆ ಇಟ್ಟುಕೊಂಡಿದ್ದ. "ಇದೇನು ಮಸಿ? ಏನು ಮುಚ್ಚಿಡ್ತಾ ಇದ್ದೀರಿ?"

"ಮುದ್ರೆ ಮಾವ," ಅಂದ ಚೆಲುವಯ್ಯ. "ನಾನೇ ಒತ್ತಿದ್ದು. ಊರು ಸೇರಲಿ ಅಂತ."

ಕಾಳಸ್ತಯ್ಯ ಅವನ ಮುಖವನ್ನೇ ನೋಡಿದ. ಅವನೂ ಇವನ ಮುಖವನ್ನೇ ನೋಡಿದ. ಆಮೇಲೆ ಕಾಳಸ್ತಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ.

"ಒಂಬತ್ತು ಗಂಡು ನೋಡಿದೆ ತಾಯಿ. ಒಬ್ಬ ಕುಡಿತ ಮುಚ್ಚಿಟ್ಟಿದ್ದ, ಒಬ್ಬ ಇನ್ನೊಂದು ಸಂಸಾರ ಮುಚ್ಚಿಟ್ಟಿದ್ದ. ಇವನಲ್ಲಿ ಮುಚ್ಚಿಡೋಕೆ ಜಾಗವೇ ಇಲ್ಲ!"

ನಿಂಗಾಜಮ್ಮನಿಗೆ ಕೇಳಿಸಿದ್ದರೆ ತಾನೆ? ಅವಳು ಮಗನ ಕಿವಿ ಹಿಂಡುತ್ತಿದ್ದಳು. "ಸತ್ತೆ ಅಂದರೂ ಹೌದು ಅಂತೀಯೇನೋ ಮುಠ್ಠಾಳ! ಇನ್ನು ಮೇಲೆ ಅವರು ಏನು ಕೇಳಿದರೂ ಇಲ್ಲ ಅನ್ನು!"

"ಹೂನವ್ವ!"

ಕಾಳಸ್ತಯ್ಯ ತಾಂಬೂಲದ ತಟ್ಟೆ ತರಿಸಿದ. ಊರವರೂ ಬಂದು ಸುತ್ತ ಕೂತರು. ವೀಳ್ಯದೆಲೆ ಎತ್ತಿ ಹಿಡಿದು, ದೇವರ ಹೆಸರು ಹೇಳಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದ.

"ಏನಪ್ಪ ಚೆಲುವಯ್ಯ, ನಮ್ಮ ಹುಡುಗಿ ನಿನಗೆ ಒಪ್ಪಿಗೆಯೇ?"

ಚೆಲುವಯ್ಯ ಎದ್ದು ನಿಂತು, ಕೈ ಮುಗಿದು, ಗಟ್ಟಿಯಾಗಿ ಹೇಳಿದ.

"ಇಲ್ಲ!"

ಬಾಯಲ್ಲಿ ಇಲ್ಲ ಅಂದವನ ಎದೆಯೊಳಗಿನ ಹೌದನ್ನು ಕೇಳಿಸಿಕೊಳ್ಳುವ ಆ ತಂದೆ, ಇಲ್ಲಿ ಕೂತು ಕೇಳಿದ ನಿಮ್ಮೆಲ್ಲರನ್ನೂ ತಂಪಾಗಿಟ್ಟಿರಲಿ. ನಿಮ್ಮ ಮನೆಯ ಕಾಗದದ ಮೂಲೆಗಳಲ್ಲಿ ಯಾವಾಗಲೂ ಅರಿಶಿನವೇ ಇರಲಿ.