ಓಡಿ ಹಿಡಿದ ಕೇಸು

ಇಸ್ತ್ರಿ ಅಂಗಡಿ ಚೌಡಮ್ಮನದು ಬ್ಯಾಟರಿ ಸ್ಕೂಟರು. ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟದ, ಇನ್ನೂರೈವತ್ತು ವಾಟಿನೊಳಗಿನ ಮೋಟಾರಿನ ಅಂಥ ಗಾಡಿಗೆ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ. ಇದು ಇನ್ಸ್‌ಪೆಕ್ಟರ್ ಮರಿಬಸಪ್ಪನವರಿಗೂ ಗೊತ್ತು. ಆದರೆ ಅವತ್ತು ಅವರು ಊದಿದ ಸೀಟಿ ಚೌಡಮ್ಮನಿಗೆ ಕೇಳಿಸಲಿಲ್ಲ. ಸಾಹೇಬರು ಹೊಟ್ಟೆ ಹೊತ್ತುಕೊಂಡು ಹಿಂದೆಯೇ ಓಡಿ, ಬಟ್ಟೆ ಗಂಟು ಜಗ್ಗಿ ಗಾಡಿ ನಿಲ್ಲಿಸಿದರು.

"ಮೆಕ್ಯಾನಿಕ್ ಕೈಲಿ ವೇಗ ಏರಿಸ್ಕೊಂಡು ನಲವತ್ತರಲ್ಲಿ ಓಡಿಸ್ತಿದ್ದೀಯ. ಗಾಡಿ ಜಪ್ತಿ," ಎಂದರು ಏದುಸಿರು ಬಿಡುತ್ತ. ಆಮೇಲೆ ಸುತ್ತ ಸೇರಿದ ಜನರ ಕಡೆ ತಿರುಗಿ, "ನೋಡಿದ್ರಾ, ಅಂಚೆ ಕಚೇರಿಯಿಂದ ಓಡಿ ಬಂದು ಹಿಡಿದೆ," ಎಂದು ಮೀಸೆ ತಿರುವಿದರು.

ಗಾಡಿ ಹೋದರೆ ಚೌಡಮ್ಮನ ದುಡಿಮೆಯೇ ಹೋದಂತೆ. ಆದರೂ ಆಕೆ ದನಿ ಏರಿಸಲಿಲ್ಲ.

"ಕೇಸು ಬರೀರಿ ಸಾಹೇಬ್ರೆ, ರುಜು ಹಾಕ್ತೀನಿ. ನೀವು ಓಡಿ ಹಿಡಿದಿದ್ದನ್ನೂ ಬಿಡದೆ ಬರೀರಿ. ಇಷ್ಟು ಜನ ನೋಡಿದ್ದಾರೆ."

ಹೊಗಳಿಕೆ ಎಂದುಕೊಂಡ ಸಾಹೇಬರು ಹಿಗ್ಗಿ ಬರೆದರು. ಗಾಡಿಯ ವೇಗ ನಲವತ್ತು. ಹಿಂದೆ ಓಡಿ ಹಿಡಿಯಲಾಯಿತು.

ಚೌಡಮ್ಮ ನಿಧಾನವಾಗಿ ಓದಿದಳು. "ಚೆನ್ನಾಗಿದೆ. ಆದ್ರೆ ಜಡ್ಜ್ ಸಾಹೇಬ್ರು ಸುಮ್ನೆ ನಂಬ್ತಾರಾ? ನಲವತ್ತರ ಗಾಡೀನ ಹೆಂಗೆ ಹಿಡಿದ್ರಿ, ಕೋರ್ಟ್ ಅಂಗಳದಲ್ಲಿ ಇನ್ನೊಂದ್ಸಲ ಓಡಿ ತೋರಿಸಿ ಅಂತಾರೆ. ಅವತ್ತು ನಿಮ್ಮ ಪ್ಯಾಂಟಿಗೆ ನಾನೇ ಇಸ್ತ್ರಿ ಹಾಕಿ ಕೊಡ್ತೀನಿ."

ಜನ ನಕ್ಕರು. ಸಾಹೇಬರು ಹಾಳೆ ಮಡಚಿ ಜೇಬಿಗಿಟ್ಟು, "ಹೋಗಮ್ಮ," ಎಂದರು.

ಚೌಡಮ್ಮ ಹೊರಟಳು. ಅವಳು ಬೇಗ ಕಣ್ಮರೆಯಾದರೆ ಸಾಕೆಂದು ಸಾಹೇಬರು ಕಾದರು. ಆದರೆ ಅದಕ್ಕೆ ಆ ಗಾಡಿ ಬಹಳ ಹೊತ್ತು ತೆಗೆದುಕೊಂಡಿತು.