ಲಾದ್ರು ಮಾಸ್ಟ್ರ ಬಿದಿರು ಕೋಲು

ನೇತ್ರಾವತಿಯ ದಂಡೆಯಲ್ಲಿ ಒಂದು ಹಂಚಿನ ಶೆಡ್ಡು. ಅಲ್ಲಿ ಲಾದ್ರು ಮಾಸ್ಟ್ರು ಹಳೆಯ ಗಿಟಾರ್ ಆಂಪ್ಲಿಫೈಯರ್‌ಗಳನ್ನು ರಿಪೇರಿ ಮಾಡುತ್ತಿದ್ದರು. ಒಳಗೆ ಗಾಜಿನ ವಾಲ್ವ್‌ಗಳು ಕೆಂಪಗೆ ಉರಿಯುವ, ಎತ್ತಿದರೆ ಸೊಂಟ ಹಿಡಿಯುವ ಪೆಟ್ಟಿಗೆಗಳು ಅವು.

ಜಲಜಾಕ್ಷಿ ಅವರ ಶಿಷ್ಯೆ. ಪೇಟೆಯಲ್ಲಿ ಸ್ವಂತ ಅಂಗಡಿ ಇಡಬೇಕೆಂದು ಅವಳ ಆಸೆ. ಆದರೆ ಮಾಸ್ಟ್ರು ಕೋಲು ಕೊಡದೆ ಹೊರಡುವ ಹಾಗಿರಲಿಲ್ಲ.

ಕೋಲು ಅಂದರೆ ದೊಡ್ಡದೇನಲ್ಲ. ಹೊಳೆಬದಿಯ ಬಿದಿರನ್ನು ಸೀಳಿ ನಯ ಮಾಡಿದ, ಪೆನ್ಸಿಲ್ಲಿನಷ್ಟು ಉದ್ದದ ಕಡ್ಡಿ. ಉರಿಯುವ ವಾಲ್ವ್‌ಗಳನ್ನು ಅದರಿಂದ ಮೆಲ್ಲಗೆ ತಟ್ಟಿದರೆ, ಕೆಟ್ಟ ವಾಲ್ವ್ ಸ್ಪೀಕರಿನಲ್ಲಿ ಟಣ್ಣೆಂದು ತನ್ನನ್ನು ತಾನೇ ಹಿಡಿದುಕೊಡುತ್ತದೆ. ಕೆಲಸ ಕಲಿತವರಿಗೆ ಮಾಸ್ಟ್ರು ಹೊಸದೊಂದನ್ನು ಕೆತ್ತಿ ಕೊಡುವುದು ವಾಡಿಕೆ. ಜಲಜಾಕ್ಷಿಯ ಕೋಲು ಗೋಡೆಯ ಗೂಡಿನಲ್ಲೇ ಒಂದು ಮಳೆಗಾಲ ಕಳೆದಿತ್ತು. ಅದನ್ನು ಕಂಡಾಗಲೆಲ್ಲ ಅವಳಿಗೆ ಸಿಟ್ಟು ಬರುತ್ತಿತ್ತು.

ಒಂದು ಬೆಳಿಗ್ಗೆ, ಇಗರ್ಜಿಯಲ್ಲಿ, ಅಂದರೆ ಊರಿನ ಚರ್ಚಿನಲ್ಲಿ, ಗಿಟಾರ್ ನುಡಿಸುವ ಬೋನಿ ಪೊರ್ಬು ತನ್ನ ಆಂಪ್ಲಿಫೈಯರನ್ನೂ ಗಿಟಾರನ್ನೂ ರಿಕ್ಷಾದಿಂದ ಇಳಿಸಿದ.

"ಗುಂಯ್ ಅಂತ ಒಂದೇ ಸಮ ಶಬ್ದ ಮಾಸ್ಟ್ರೇ. ಒಳಗೆ ದುಂಬಿ ಹೊಕ್ಕ ಹಾಗೆ. ನಾನು ನುಡಿಸಿದ್ದು ನನಗೇ ಕೇಳುದಿಲ್ಲ."

ಮಾಸ್ಟ್ರು ಜಲಜಾಕ್ಷಿಗೆ ಹೇಳಿದರು, "ಈ ಗುಂಯ್ ಎಲ್ಲಿಂದ ಬರ್ತದೆ ಅಂತ ಹೇಳು. ಹೇಳಿದ ಮೇಲೆ ಕೋಲು ತಗೊಂಡು ಹೋಗು."

ಜಲಜಾಕ್ಷಿ ಊಟಕ್ಕೂ ಏಳಲಿಲ್ಲ. ವಾಲ್ವ್ ಬದಲಿಸಿದಳು. ಗುಂಯ್. ಕೆಪಾಸಿಟರ್ ಬದಲಿಸಿದಳು. ಗುಂಯ್. ಸಂಜೆಯ ಹೊತ್ತಿಗೆ ಹಳೆಯದೆಂದು ಉಳಿದದ್ದು ಹೆಚ್ಚುಕಡಿಮೆ ಪೆಟ್ಟಿಗೆಯ ಮರ ಮಾತ್ರ.

"ಎಲ್ಲ ಹೊಸತು ಹಾಕಿದೆ ಮಾಸ್ಟ್ರೇ. ಆದರೂ ಉಂಟು."

"ಹಳೆಯದರಲ್ಲಿ ಯಾವುದು ಕೆಟ್ಟಿತ್ತು?"

"ಅದು ನೋಡ್ಲಿಲ್ಲ."

"ತಲೆನೋವು ಅಂತ ಬಂದವನ ಹಲ್ಲೆಲ್ಲ ಕಿತ್ತ ಹಾಗಾಯ್ತಲ್ಲ ಮಾರಾಯ್ತಿ! ಎಲ್ಲ ವಾಪಸ್ ಹಾಕು."

ಮರುದಿನ ಅವಳು ತುಟಿ ಕಚ್ಚಿಕೊಂಡು ಹಳೆಯದನ್ನೆಲ್ಲ ವಾಪಸ್ ಹಾಕಿದಳು. ಅವಮಾನ ಆಗಿತ್ತು. ಆದರೆ ಗುಂಯ್ ಎಲ್ಲಿಂದ ಎಂಬ ಕುತೂಹಲ ಅವಮಾನಕ್ಕಿಂತ ದೊಡ್ಡದಿತ್ತು.

"ಈಗ ವಾಲ್ಯೂಮ್ ಪೂರ್ತಿ ಇಳಿಸು," ಅಂದರು ಮಾಸ್ಟ್ರು.

ಇಳಿಸಿದಳು. ಗುಂಯ್ ನಿಂತಿತು.

"ಎಂತ ಗೊತ್ತಾಯ್ತು?"

"ವಾಲ್ಯೂಮಿಗಿಂತ ಮುಂಚೆಯೇ ಎಲ್ಲಿಂದಲೋ ಒಳಗೆ ಬರ್ತಾ ಉಂಟು."

"ಏರಿಸು. ಗಿಟಾರಿನ ವಯರ್ ತೆಗಿ."

ತೆಗೆದಳು. ಹೊರಗೆ ಹೊಳೆ ಹರಿಯುವುದು ಕೇಳಿಸುವಷ್ಟು ಮೌನ.

"ಹಾಗಾದರೆ ಪೆಟ್ಟಿಗೆ ಸರಿಯೇ ಉಂಟು! ಕೆಟ್ಟದ್ದು ಗಿಟಾರು." ಅವಳ ಕೈ ಆಗಲೇ ಸ್ಕ್ರೂಡ್ರೈವರಿಗೆ ಹೋಗಿತ್ತು.

"ಅದನ್ನಿಡು. ವಯರ್ ಸಿಕ್ಕಿಸಿ ಗಿಟಾರ್ ಹಿಡ್ಕೊಂಡು ಕೂತ್ಕೋ."

ಅವಳು ಎಂದಿನಂತೆ ಮೇಜಿಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಳು. ಮೇಜಿನ ಮೇಲೆ ಶೆಡ್ಡಿನ ದೊಡ್ಡ ಟ್ರಾನ್ಸ್‌ಫಾರ್ಮರ್. ಗುಂಯ್.

ಮಾಸ್ಟ್ರು ಬಗ್ಗಿ ಸ್ಟೂಲಿನ ಕಾಲು ಹಿಡಿದರು. ಅವಳ ಸಮೇತ ಅದನ್ನು ಹೊಳೆಯ ಕಡೆ ತಿರುಗಿಸಿದರು.

ಗುಂಯ್ ಸಣ್ಣದಾಗುತ್ತ ಹೋಗಿ ನಿಂತೇಬಿಟ್ಟಿತು.

ಜಲಜಾಕ್ಷಿ ತಾನೇ ಮೇಜಿನತ್ತ ತಿರುಗಿದಳು. ಬಂತು. ಹೊಳೆಯತ್ತ ತಿರುಗಿದಳು. ಹೋಯಿತು. ಮಕ್ಕಳಂತೆ ತಿರುಗಿ ತಿರುಗಿ ನೋಡಿ ನಕ್ಕಳು.

"ಸಿಕ್ಕಿತು! ಗಿಟಾರಿನ ತಂತಿಯ ಕೆಳಗಿನ ತಾಮ್ರದ ಸುರುಳಿ ನಮ್ಮ ಟ್ರಾನ್ಸ್‌ಫಾರ್ಮರಿನ ಗುಂಯ್ ಹಿಡೀತಾ ಉಂಟು. ಕೋಲು ಕೊಡಿ ಮಾಸ್ಟ್ರೇ."

"ಬೋನಿಯ ಮನೆಯಲ್ಲಿ ನಮ್ಮ ಟ್ರಾನ್ಸ್‌ಫಾರ್ಮರ್ ಉಂಟಾ?"

ಚಾಚಿದ ಕೈಯನ್ನು ಅವಳು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

ಮಧ್ಯಾಹ್ನ ಬೋನಿ ಬಂದಾಗ ಅವಳು ಅವನಿಗೆ ಕುರ್ಚಿ ಕೊಟ್ಟು ಎದುರು ಕೂತಳು.

"ಪೊರ್ಬುಗಳೇ, ಮನೆಯಲ್ಲಿ ನುಡಿಸುವಾಗ ಯಾವ ಕಡೆ ಮುಖ ಮಾಡಿ ಕೂತ್ಕೊಳ್ಳುದು?"

"ಅದೆಂತ ಪ್ರಶ್ನೆ? ಗೋಡೆ ಕಡೆ."

"ಗೋಡೆ ಹತ್ತಿರ ಎಂತ ಉಂಟು?"

"ಫ್ರಿಜ್ಜು. ಅದರ ಸ್ಟೆಬಿಲೈಸರ್."

ಸ್ಟೆಬಿಲೈಸರಿನ ಒಳಗೂ ಟ್ರಾನ್ಸ್‌ಫಾರ್ಮರ್ ಇರುವುದು ಜಲಜಾಕ್ಷಿಗೆ ಗೊತ್ತಿತ್ತು. "ಮೊದಲಿಂದಲೂ ಅಲ್ಲೇ ಕೂತ್ಕೊಳ್ಳುದಾ?"

ಬೋನಿ ಕತ್ತು ಉಜ್ಜಿಕೊಂಡ. "ಇಲ್ಲ. ಮೊದಲು ಗಾಬ್ರುವಿನ ಎದುರು ಕೂತ್ಕೊಳ್ತಿದ್ದೆ. ಪಿಟೀಲು ನುಡಿಸುದಲ್ವಾ ಅವನು, ಪ್ರಾಕ್ಟೀಸಿಗೆ ನಮ್ಮಲ್ಲಿಗೇ ಬರುದು. ಹಬ್ಬದ ಪೂಜೆಯಲ್ಲಿ ನಾನು ತಾಳ ಬಿಟ್ಟು ಓಡಿದೆ ಅಂತ ಎಲ್ಲರ ಎದುರು ಹೇಳಿದ. ಅವನ ಮೋರೆ ನೋಡುದೇ ಬೇಡ ಅಂತ ಗೋಡೆಗೆ ತಿರುಗಿದ್ದು."

"ಗುಂಯ್ ಶುರುವಾದದ್ದು ಯಾವಾಗ?"

"ಹಬ್ಬ ಕಳೆದು..." ಬೋನಿ ಹಣೆ ಚಚ್ಚಿಕೊಂಡ.

"ಪೆಟ್ಟಿಗೆಗೆ ಎಂತದೂ ಆಗ್ಲಿಲ್ಲ. ಗಾಬ್ರುಮಾಮನ ಕಡೆ ತಿರುಗಿ ಕೂತ್ಕೊಳ್ಳಿ."

"ಬೇರೆ ರಿಪೇರಿ ಇಲ್ವಾ?"

"ಇಲ್ಲ."

ಬೋನಿ ಗಿಟಾರನ್ನು ಹೆಗಲಿಗೆ ಹಾಕಿಕೊಂಡ. ಆಮೇಲೆ ಪೆಟ್ಟಿಗೆ ಎತ್ತಿಕೊಂಡ. "ಓಡುದು ಅವನು, ನಾನಲ್ಲ," ಎಂದು ಗೊಣಗುತ್ತಲೇ ರಿಕ್ಷಾ ಹತ್ತಿದ. ಅವನ ಮೀಸೆಯಡಿ ನಗು ಇತ್ತು.

ಮಾಸ್ಟ್ರು ಗೂಡಿನಿಂದ ಕೋಲು ತೆಗೆದು, ಧೂಳು ಒರೆಸಿ, ಜಲಜಾಕ್ಷಿಯ ಕೈಯಲ್ಲಿಟ್ಟರು. ಅವಳ ಕಣ್ಣು ತುಂಬಿತು. ಇಷ್ಟು ಹಗುರದ ಕಡ್ಡಿಗಾಗಿ ಇಷ್ಟು ದಿನ ಕಾದಿದ್ದಳು.

"ಇದರಿಂದ ಮೊದಲು ಯಾವ ವಾಲ್ವ್ ತಟ್ಟಬೇಕು ಮಾಸ್ಟ್ರೇ?"

"ವಾಲ್ವ್ ಆಮೇಲೆ. ಮೊದಲು ಪೆಟ್ಟಿಗೆ ತಂದವನ ಮನೆ ಬಾಗಿಲು ತಟ್ಟು."