ಮೂಲೆಯಲ್ಲಿ ನಿಂತ ಹಳದಿ ಮೀನು

“ಹೆದರಿಸುವವರನ್ನು ಹೊರಗೆ ಕಳಿಸಿದ ಮೇಲೂ ಹೆದರಿಕೆ ಏಕೆ ಉಳಿಯುತ್ತದೆ, ಬುದ್ಧಿ?”

ಗುರುಗಳನ್ನು ಹೀಗೆ ಕೇಳಿದವಳು ಸುಗುಣಾಂಬ. ಮಠದ ಪಾಠಶಾಲೆಯಲ್ಲಿ ಓದುವ ಹೆಣ್ಣುಮಕ್ಕಳ ಊಟ, ವಸತಿ, ಶಿಸ್ತು ಎಲ್ಲವೂ ಆಕೆಯ ಕೈಯಲ್ಲಿತ್ತು. ಕಾಲೇಜು ಓದಿ ಪದವಿ ಪಡೆದವಳು. ನಾಲ್ಕು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ, ಮೊಮ್ಮಕ್ಕಳನ್ನೂ ಎತ್ತಿ ಆಡಿಸಿ, ಆಮೇಲೆ ಮಠದ ಸೇವೆಗೆ ನಿಂತವಳು. ಯಾವ ದಿನ ಯಾರು ಯಾರಿಗೆ ಏನು ಮಾಡಿದರು ಎಂಬುದನ್ನು ತಾರೀಖು ಹಾಕಿ ಬರೆದಿಡುತ್ತಿದ್ದಳು. ಆ ಪುಸ್ತಕ ಈಗ ಆಕೆಯ ಮಡಿಲಲ್ಲಿತ್ತು.

ಆ ವರ್ಷ ಮೂವರು ಹುಡುಗಿಯರನ್ನು ಊರಿಗೆ ಕಳಿಸಿಯಾಗಿತ್ತು. ಒಬ್ಬೊಬ್ಬಳೂ ತನ್ನ ಸರದಿಯಲ್ಲಿ ಉಳಿದವರನ್ನು ಹೆದರಿಸಿ ಇಟ್ಟಿದ್ದವಳು. ಮೂರನೆಯವಳು ಹೋದ ಮೇಲೆ ಮಾದೇವಿ ಶುರುಮಾಡಿದಳು. ಮೊದಲನೆಯವಳ ಕೈಯಲ್ಲಿ ಏಟು ತಿಂದು ಕಂಬದ ಹಿಂದೆ ಅಡಗುತ್ತಿದ್ದ ಅದೇ ಮಾದೇವಿ. ನಿನ್ನೆ ಅವಳು ತನಗಿಂತ ಚಿಕ್ಕವಳ ಬೆರಳುಗಳನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲು ಒತ್ತಿದ್ದಳು. ಚಿಕ್ಕವಳು ಕೂಗಲಿಲ್ಲ. ಸುತ್ತ ನಿಂತವರೂ ಕೂಗಲಿಲ್ಲ. ಸುಗುಣಾಂಬ ಹೆದರಿದ್ದು ಬೆರಳು ಕಂಡಲ್ಲ, ಆ ಮೌನ ಕಂಡು. ಅಡುಗೆಮನೆಗೆ ಆಕೆ ಕಾಲಿಟ್ಟರೆ ಮಕ್ಕಳೆಲ್ಲ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು.

ಮಾದೇವಿಯ ಗಂಟು ಕಟ್ಟಿಸಿಯಾಗಿತ್ತು. ಸಂಜೆಯ ಬಸ್ಸಿಗೆ ಅವಳು ಹೋಗಬೇಕು. ಅವಳಿಗೆ ತಂದೆತಾಯಿ ಇಲ್ಲ. ಹೋದರೆ ಓದು ಅಲ್ಲಿಗೆ ಮುಗಿಯಿತು. ಗುರುಗಳ ಅಪ್ಪಣೆಯೊಂದೇ ಬಾಕಿ.

ಗುರುಗಳ ಬಲಗಡೆಯ ಮಣೆ ಖಾಲಿಯಿತ್ತು. ವಾರದ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಒಪ್ಪಿಸಿದವಳೊಬ್ಬಳೇ ಅಲ್ಲಿ ಕೂರಬೇಕೆಂಬುದು ಹೋದ ವರ್ಷ ಸುಗುಣಾಂಬಳೇ ತಂದ ಪದ್ಧತಿ. ಈ ವಾರ ಅದು ಮಾದೇವಿಯದು.

ಗುರುಗಳು ಪುಸ್ತಕ ಕೇಳಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಗೃಹಿಣಿ ಗಾಜಿನ ತೊಟ್ಟಿಯಲ್ಲಿ ಎಂಟು ಮೀನು ಸಾಕಿದ್ದಳು. ಸಿಕ್ಲಿಡ್ ಎಂಬ ಜಾತಿ. ನೋಡಲು ಚೆಂದ, ಜಗಳಕ್ಕೆ ಮುಂದು. ಬಂದವರ ಕಣ್ಣಿಗೆ ಮೊದಲು ಬೀಳಲೆಂದು ತೊಟ್ಟಿಯ ನಡುವೆ ಕಲ್ಲಿನ ಕಮಾನೊಂದನ್ನು ಇಟ್ಟಿದ್ದಳು. ಹೊತ್ತಿಗೆ ಸರಿಯಾಗಿ ಆಹಾರ ಹಾಕುತ್ತಿದ್ದಳು, ವಾರಕ್ಕೊಮ್ಮೆ ನೀರು ಬದಲಿಸುತ್ತಿದ್ದಳು. ಗಾಜಿಗೆ ಅಳತೆಪಟ್ಟಿ ಹಿಡಿದು ಯಾವುದು ಎಷ್ಟು ಬೆಳೆಯಿತೆಂದು ಬರೆದಿಡುತ್ತಿದ್ದಳು.

ಆರು ಬೆಳೆದವು. ಎರಡು ಬೆಳೆಯಲಿಲ್ಲ. ಒಂದು ಹಳದಿ ಮೀನು, ಕಿರುಬೆರಳಿನಷ್ಟು. ರೆಕ್ಕೆ ಮುದುರಿಕೊಂಡು ತೊಟ್ಟಿಯ ಮೇಲಿನ ಮೂಲೆಯಲ್ಲಿ ನಿಂತಿರುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು, ಬೂದು ಮೀನು. ಆಹಾರ ಬಿದ್ದರೂ ಎರಡೂ ಕೆಳಗಿಳಿಯುತ್ತಿರಲಿಲ್ಲ. ಇಳಿದರೆ ಕಮಾನಿನೊಳಗಿಂದ ಒಂದು ನೀಲಿ ಮೀನು ಬಾಣದಂತೆ ನುಗ್ಗಿ ಕಚ್ಚುತ್ತಿತ್ತು. ಹಳದಿಯ ಬಣ್ಣ ದಿನದಿನಕ್ಕೆ ಮಾಸುತ್ತಿತ್ತು. ಇದು ಸಾಯುತ್ತದೆ ಎಂದು ಗೃಹಿಣಿಗೆ ಭಯವಾಯಿತು. ಹೇಗಾದರೂ ಇದನ್ನು ಬೆಳೆಸಬೇಕೆಂದು ಹಟ ಹಿಡಿದಳು.

ನೀಲಿಯನ್ನು ಬಲೆಯಲ್ಲಿ ಹಿಡಿದು ಅಂಗಡಿಯವನಿಗೆ ಹಿಂದಿರುಗಿಸಿದಳು. ಎಂಟು ದಿನ ತೊಟ್ಟಿ ಶಾಂತವಾಗಿತ್ತು. ಒಂಬತ್ತನೆಯ ದಿನ, ಅದುವರೆಗೆ ತಲೆ ತಗ್ಗಿಸಿಕೊಂಡಿದ್ದ ಪಟ್ಟೆ ಮೀನು ಕಪ್ಪೇರಿ ನುಗ್ಗತೊಡಗಿತು. ಅದನ್ನೂ ಒಯ್ದು ಕೊಟ್ಟಳು. ಈ ಸಲ ಐದು ದಿನ ಶಾಂತಿ. ಆಮೇಲೆ ಕೆಂಪು ಮೀನು. ಅದೂ ಹೋದ ಮೇಲೆ ಎರಡೇ ದಿನ.

ಅಂಗಡಿಯವನು ನಕ್ಕು, ಮುಂದಿನ ವಾರ ತೊಟ್ಟಿಯೂ ವಾಪಸ್ಸು ಬರುತ್ತದೆಯೇ ಎಂದು ಕೇಳಿದ. ಅವಳಿಗೆ ನಗು ಬರಲಿಲ್ಲ. ತೊಟ್ಟಿಯಲ್ಲಿ ಮೀನು ಕಡಿಮೆಯಾದಷ್ಟೂ ಹೆದರಿಕೆ ಹೆಚ್ಚುತ್ತಿತ್ತು. ಈಗ ಅವಳ ನೆರಳು ಗಾಜಿನ ಮೇಲೆ ಬಿದ್ದರೂ ಮೀನುಗಳು ಚದುರಿ ಓಡುತ್ತಿದ್ದವು. ತೊಟ್ಟಿಯ ಹತ್ತಿರ ಹೋಗುವ ಮೊದಲು ಅವಳು ಒಂದು ಗಳಿಗೆ ಬಾಗಿಲಲ್ಲೇ ನಿಲ್ಲುತ್ತಿದ್ದಳು. ಇಂದು ಏನು ಕಾಣಬೇಕೋ ಎಂದು.

ಆರನೆಯದನ್ನೂ ಒಯ್ದು ಕೊಟ್ಟ ಮೇಲೆ ಉಳಿದವು ಎರಡೇ. ಹಳದಿ ಮತ್ತು ಬೂದು. ಅಷ್ಟು ದಿನ ಒಂದೇ ಮೂಲೆಯಲ್ಲಿ, ಒಂದಕ್ಕೊಂದು ಒತ್ತಿಕೊಂಡು ಬದುಕಿದ್ದವು. ಇನ್ನು ಇವು ಬೆಳೆಯುತ್ತವೆ ಎಂದು ಅವಳು ಪುಸ್ತಕದಲ್ಲಿ ಬರೆದು, ಕೆಳಗೆ ಒಂದು ಗೆರೆಯನ್ನೂ ಎಳೆದಳು.

ಮರುದಿನ ಬೆಳಿಗ್ಗೆ ಬೂದು ಮೀನು ಮರಳಿನ ಮೇಲೆ ಬಿದ್ದಿತ್ತು. ಬಾಲ ಇರಲಿಲ್ಲ. ಒಂದು ಕಣ್ಣು ಇರಲಿಲ್ಲ. ಕಮಾನಿನೊಳಗೆ ಹಳದಿ ನಿಂತಿತ್ತು, ರೆಕ್ಕೆ ಸೆಟೆದುಕೊಂಡು. ಅವಳು ಬಗ್ಗಿ ನೋಡಿದಳು. ಅದು ಗಾಜಿಗೆ ಬಂದು ಬಡಿಯಿತು. ಮತ್ತೆ ಹಿಂದೆ ಸರಿದು ಬಡಿಯಿತು. ಕಿರುಬೆರಳಿನಷ್ಟು ಮೀನಿಗೆ ಹೆದರಿ ಅವಳು ಎರಡು ಹೆಜ್ಜೆ ಹಿಂದಕ್ಕೆ ಹೋದಳು.

ಅದನ್ನು ನೀರಿನ ಪಾತ್ರೆಯಲ್ಲಿ ಹಾಕಿಕೊಂಡು, ಪುಸ್ತಕವನ್ನೂ ತೆಗೆದುಕೊಂಡು ಅಂಗಡಿಗೆ ಹೋದಳು. ಅಲ್ಲಿ ಒಂದೇ ತೊಟ್ಟಿಯಲ್ಲಿ, ಅವಳು ಹಿಂದಿರುಗಿಸಿದ ಆರೂ ಸೇರಿ, ಅದೇ ಜಾತಿಯ ನಲವತ್ತು ಮೀನು ಬೆಳೆಯುತ್ತಿದ್ದವು. ಏನು ತಿನ್ನಿಸುತ್ತೀ ಎಂದು ಕೇಳಿದಳು. ನೀವು ಒಯ್ದ ಆಹಾರವೇ ಎಂದ. ಔಷಧಿ ಏನು ಎಂದು ಕೇಳಿದಳು. ಏನೂ ಇಲ್ಲ ಎಂದ. ಅವನು ಅವಳ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದ. ಅಕ್ಷರ ಮುತ್ತಿನಂತಿದೆ ಎಂದ. ಆಮೇಲೆ ಕೇಳಿದ:

“ಅಮ್ಮಾ, ಕಚ್ಚಿದ ಮೀನುಗಳೆಲ್ಲ ಇದರಲ್ಲಿವೆ. ಅವು ಯಾವುದಕ್ಕಾಗಿ ಕಚ್ಚಾಡಿದವೋ ಆ ಕಲ್ಲು ಎಲ್ಲಿದೆ?”

“ಕಲ್ಲು ಒಂದೇ. ನಡುವೆ ಇದೆ. ಅದು ಯಾರನ್ನೂ ಕಚ್ಚಲಿಲ್ಲ, ಅದನ್ನೇನು ಬರೆಯುವುದು?”

ಅವನು ತನ್ನ ತೊಟ್ಟಿಯನ್ನು ತೋರಿಸಿದ. ತಳದಿಂದ ಅರ್ಧದವರೆಗೆ ಕಲ್ಲಿನ ಮೇಲೆ ಕಲ್ಲು. ಎಲ್ಲಿ ನೋಡಿದರೂ ಸಂದು, ಎಲ್ಲಿ ನೋಡಿದರೂ ಗೂಡು. ಹೊಸ ಮೀನು ಬಿಡುವ ದಿನ ಆ ಕಲ್ಲುಗಳನ್ನೆಲ್ಲ ಕಿತ್ತು ಬೇರೆ ರೀತಿ ಜೋಡಿಸುತ್ತಿದ್ದ. ಆಗ ಇದು ನನ್ನದು ಎನ್ನಲು ಹಳೆಯ ಮೀನಿಗೂ ಏನೂ ಉಳಿಯುತ್ತಿರಲಿಲ್ಲ. ಅಂದೂ ಹಾಗೆಯೇ ಜೋಡಿಸಿ, ಹಳದಿಯನ್ನು ಬಿಟ್ಟ. ಅದು ಸ್ವಲ್ಪ ಹೊತ್ತು ಅತ್ತಿತ್ತ ತಿರುಗಿ ಒಂದು ಸಂದಿನಲ್ಲಿ ಸೇರಿಕೊಂಡಿತು. ಆಹಾರ ಹಾಕಿದಾಗ ನಲವತ್ತೊಂದು ಮೀನುಗಳೂ ಹೊರಗೆ ಬಂದವು. ತನ್ನ ಮನೆಯಿಂದ ಬಂದ ಏಳು ಯಾವುವು, ಕೊಂದದ್ದು ಯಾವುದು ಎಂದು ಗೃಹಿಣಿ ಗಾಜಿಗೆ ಮುಖವಿಟ್ಟು ಹುಡುಕಿದಳು. ಅವಳಿಗೆ ಗುರುತು ಹತ್ತಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಸುಗುಣಾಂಬಳಿಗೆ ಕತೆ ಅರ್ಥವಾಯಿತು. ಅರ್ಥವಾದ್ದರಿಂದಲೇ ಬೆನ್ನು ನೆಟ್ಟಗಾಯಿತು. ತನ್ನ ಮನೆಯಲ್ಲಾಗಲಿ ಇಲ್ಲಿಯಾಗಲಿ ಭೇದ ಮಾಡಿದವಳಲ್ಲ ಆಕೆ. ಪುಸ್ತಕ ಬಿಚ್ಚಿ ಓದಿದಳು. ಎಲ್ಲರಿಗೂ ಒಂದೇ ಅಳತೆಯ ಚಾಪೆ. ಒಂದೇ ಬಣ್ಣದ ಲಂಗ. ತುಪ್ಪ ಬಡಿಸುವ ಚಮಚವೂ ಒಂದೇ. ಹಬ್ಬದ ದಿನ ಹೋಳಿಗೆ ತಲೆಗೆ ಎರಡು, ಹೆಚ್ಚಿಲ್ಲ ಕಡಿಮೆಯಿಲ್ಲ. ಓದುತ್ತಾ ಹೋದಂತೆ ಆಕೆಯ ದನಿ ಗಟ್ಟಿಯಾಯಿತು. ಗುರುಗಳು ಕೊನೆಯವರೆಗೂ ಕೇಳಿದರು.

“ಇಲ್ಲಿ ಅಂಥ ಕಲ್ಲು ನಾನು ಇಟ್ಟಿಲ್ಲ, ಬುದ್ಧಿ,” ಎಂದಳು.

ತೆರೆದ ಬಾಗಿಲಾಚೆ ಜಗುಲಿಯ ಮೇಲೆ ಮಾದೇವಿ ಗಂಟನ್ನು ಅಪ್ಪಿಕೊಂಡು, ಗೋಡೆಯ ಮೂಲೆಗೆ ಒತ್ತಿಕೊಂಡು ಕೂತಿದ್ದಳು. ಗುರುಗಳು ಅವಳ ಕಡೆ ನೋಡಿದರು. ಆಮೇಲೆ ತಮ್ಮ ಬಲಗೈಯನ್ನು ಪಕ್ಕದ ಖಾಲಿ ಮಣೆಯ ಮೇಲೆ ಇಟ್ಟರು.

“ಇಂಥವು ಎಷ್ಟು ಮಾಡಿಸಿದ್ದೀ, ತಾಯಿ?”